ಪವರ್ ಸ್ಟೇರಿಂಗ್ ಕೈಬಿಟ್ಟ ಮೇಲೆ 14 ತಿಂಗಳು

ನಮ್ಮ ಮನೆಯ ಮುಂದೆ ಹಾಸಿದ ಶಹಾಬಾದ್ ಕಲ್ಲಿನ ಮೇಲೆ, ಕಾರಿನ ಮುಂದಿನ ಬಲಗಾಲಿಯ ಹಿಂದೆ, ನಾಲ್ಕಾಣೆಯಷ್ಟು ಅಗಲದ ಕೆಂಪು ಎಣ್ಣೆಯ ಕಲೆಯೊಂದು 2022ರ ದೀಪಾವಳಿಯ ಹೊತ್ತಿಗೆ ಕಾಣಿಸಿಕೊಂಡಿತು. ಎರಡು ವಾರದಲ್ಲಿ ಅದು ಅಂಗೈಯಗಲವಾಯಿತು. ಆಮೇಲೆ ಬೆಳಿಗ್ಗೆ ಗಾಡಿ ಚಾಲೂ ಮಾಡಿ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಬಾನೆಟ್ಟಿನ ಒಳಗಿನಿಂದ ನರಳಿದಂಥ ಸದ್ದು ಬರತೊಡಗಿತು. 2006ರಲ್ಲಿ ಕೊಂಡಿದ್ದ ಈ ಡೀಸೆಲ್ ಕಾರಿಗೆ 15 ವರ್ಷ ತುಂಬಿದಾಗ ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡಿದ್ದೆ. ಎಂಜಿನ್ ಗಟ್ಟಿಮುಟ್ಟಾಗಿದ್ದುದರಿಂದ ಗಾಡಿಯನ್ನು ಮಾರುವ ಮನಸ್ಸಿರಲಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಬದಿಯಲ್ಲಿ ನಾನು ಮೊದಲಿನಿಂದಲೂ ಹೋಗುವ ಗ್ಯಾರೇಜಿನ ಮೇಸ್ತ್ರಿ ಕೆಳಗೆ ಮಲಗಿ ನೋಡಿ, "ರ್ಯಾಕಿನ ಸೀಲ್ ಹೋಗ್ಯಾವ್ರೀ ಸರ್, ಇವತ್ತ ಎಣ್ಣಿ ಹಾಕಿದ್ರ ನಾಳಿ ಮತ್ತ ಖಾಲಿ ಆಗ್ತೈತಿ" ಎಂದರು. ರ್ಯಾಕೆಂದರೆ ಸ್ಟೇರಿಂಗಿನ ತಿರುವನ್ನು ಮುಂದಿನ ಗಾಲಿಗಳಿಗೆ ಮುಟ್ಟಿಸುವ ಭಾಗ. ಹೊಸದಕ್ಕೆ ಕೂಲಿಯೂ ಸೇರಿ 22,000 ರೂಪಾಯಿ ಆಗುತ್ತಿತ್ತು. ಇಡೀ ಗಾಡಿ ಮಾರಿದರೂ 70,000 ಬರುವುದು ಕಷ್ಟವಾಗಿದ್ದಾಗ ಅಷ್ಟು ಸುರಿಯಲು ಕೈ ಬರಲಿಲ್ಲ. ಪವರ್ ಇಲ್ಲದೆ ಓಡಿಸಿದರೆ ಹೇಗೆ ಎಂದು ಕೇಳಿದೆ. ಅವರು ನಕ್ಕರು, ಆದರೆ ಬೇಡವೆನ್ನಲಿಲ್ಲ.

ಇಂಥ ಸಂದರ್ಭದಲ್ಲಿ ಬಹಳ ಜನ ಎಣ್ಣೆ ಖಾಲಿಯಾದ ಮೇಲೂ ಹಾಗೆಯೇ ಓಡಿಸುತ್ತಾರೆ. ಸ್ಟೇರಿಂಗ್ ಬಿಗಿಯಾಗುವುದಷ್ಟೇ ತೊಂದರೆ ಎಂಬುದು ಅವರ ಎಣಿಕೆ, ಆದರೆ ನಿಜವಾದ ಅಪಾಯ ಪಂಪಿನದು. ಎಣ್ಣೆಯನ್ನು ಒತ್ತಡದಿಂದ ರ್ಯಾಕಿಗೆ ತಳ್ಳಿ ಸ್ಟೇರಿಂಗನ್ನು ಹಗುರ ಮಾಡುವ, ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಆ ಪಂಪಿಗೆ ಸ್ಟೇರಿಂಗಿನ ಎಣ್ಣೆಯೇ ಜಿಡ್ಡು. ಅದಿಲ್ಲದೆ ತಿರುಗಿದರೆ ಒಳಗೆ ಸವೆದು ಕೊನೆಗೆ ಸಿಕ್ಕಿಕೊಳ್ಳುತ್ತದೆ, ಬೆಲ್ಟು ಸುಟ್ಟು ಹರಿಯುತ್ತದೆ. ಅನೇಕ ಕಾರುಗಳಲ್ಲಿ ಅದೇ ಬೆಲ್ಟು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ರೇಡಿಯೇಟರಿನ ನೀರು ತಿರುಗಿಸುವ ಪಂಪನ್ನೂ ನಡೆಸುವುದರಿಂದ, ಸ್ಟೇರಿಂಗಿನಲ್ಲಿ ಉಳಿಸಹೋದ ಹಣ ಅಣ್ಣಿಗೇರಿಯ ಆಚೆ ಎಲ್ಲೋ ಕುದಿಯುವ ಎಂಜಿನ್ನಿನ ಜೊತೆಗೇ ಆವಿಯಾಗಬಹುದು. ಸೋರುವ ಎಣ್ಣೆ ಬಿಸಿಯಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಹೊತ್ತಿಕೊಳ್ಳುವ ಭಯವೂ ಇದೆ.

ನನ್ನ ಅದೃಷ್ಟಕ್ಕೆ ಈ ಗಾಡಿಯಲ್ಲಿ ಪಂಪಿಗೆ ಪ್ರತ್ಯೇಕ ಬೆಲ್ಟು ಇತ್ತು. ಮೇಸ್ತ್ರಿ ಅದನ್ನು ಬಿಚ್ಚಿ ತೆಗೆದರು. ಬಳಿಕ ಪಂಪಿನಿಂದ ರ್ಯಾಕಿಗೆ ಹೋಗುವ ಮತ್ತು ಅಲ್ಲಿಂದ ಮರಳುವ ಎರಡೂ ಕೊಳವೆಗಳನ್ನು ಕಳಚಿ, ರ್ಯಾಕಿನ ಆ ಎರಡು ಬಾಯಿಗಳನ್ನು ಒಂದೇ ರಬ್ಬರ್ ಕೊಳವೆಯಿಂದ ಜೋಡಿಸಿದರು. ಹೀಗೆ ಮಾಡದಿದ್ದರೆ ರ್ಯಾಕಿನ ಒಳಗೆ ಉಳಿದ ಎಣ್ಣೆಗೆ ಸರಿದಾಡಲು ದಾರಿಯಿಲ್ಲದೆ, ಅದನ್ನು ದಬ್ಬುವ ಕೆಲಸವೂ ನಮ್ಮ ತೋಳಿನ ಪಾಲಿಗೆ ಬರುತ್ತದೆ. ಬಾಯಿ ತೆರೆದೇ ಬಿಟ್ಟರೆ ಧೂಳು ಒಳಗೆ ಸೇರುತ್ತದೆ. ಪಂಪಿನ ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, ಅದರ ಬಾಯಿಗಳಿಗೂ ಬಿರಡೆ ಹಾಕಿಸಿದೆ. ಒತ್ತಡವಿಲ್ಲದ ಕಾರಣ ಸೋರಿಕೆ ಬಹುಪಾಲು ನಿಂತಿತು. ಎಲ್ಲಕ್ಕೂ ಸೇರಿ 600 ರೂಪಾಯಿ ಕೊಟ್ಟೆ.

ಮೊದಲ ದಿನ ಗ್ಯಾರೇಜಿನಿಂದ ಹೊರಗೆ ತರುವಾಗಲೇ ಬೆವರು ಕಿತ್ತಿತು. ಹಿಂದೆ ಪವರ್ ಇಲ್ಲದ ಮಾರುತಿ 800 ಓಡಿಸಿದ್ದೆನಲ್ಲ, ಇದೇನು ಮಹಾ ಎಂದುಕೊಂಡಿದ್ದೆ. ಆದರೆ ಪವರ್ ಇಲ್ಲದೆ ಓಡಲೆಂದೇ ಮಾಡಿದ ಸ್ಟೇರಿಂಗನ್ನು ಹೆಚ್ಚು ಸುತ್ತು ತಿರುಗಿಸಬೇಕಾಗುತ್ತದೆ, ಅದರಿಂದಲೇ ಅದು ಹಗುರ. ಪವರ್ ಇದೆಯೆಂದು ನಂಬಿ ಮಾಡಿದ ರ್ಯಾಕು ಕಡಿಮೆ ಸುತ್ತಿನಲ್ಲಿ ಗಾಲಿಯನ್ನು ಹೊರಳಿಸುತ್ತದೆ, ಪವರ್ ಹೋದಾಗ ಅದೇ ಮುಳುವಾಗುತ್ತದೆ. ಮೇಲಾಗಿ ಡೀಸೆಲ್ ಎಂಜಿನ್ನಿನ ಭಾರವೆಲ್ಲ ಮುಂದಿನ ಗಾಲಿಗಳ ಮೇಲೆಯೇ.

ನಿಂತಲ್ಲಿ ತಿರುಗಿಸಬಾರದೆಂಬುದನ್ನು ತೋಳುಗಳೇ ಕಲಿಸಿದವು. ಮೊದಲ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಡೀಸೆಲ್ ಗಾಡಿ ಎಕ್ಸಿಲರೇಟರ್ ಒತ್ತದೆಯೂ ತೆವಳುತ್ತದೆ. ಗಾಲಿ ಒಂದು ಗೇಣು ಉರುಳಿದರೂ ಸಾಕು, ಸ್ಟೇರಿಂಗಿನ ಭಾರ ಅರ್ಧಕ್ಕಿಳಿದಂತಾಗುತ್ತದೆ. ಗಾಳಿಯನ್ನು ಕಂಪನಿ ಹೇಳಿದ ಅಳತೆಗೆ ಪ್ರತಿ ವಾರ ತುಂಬಿಸುತ್ತಿದ್ದೆ. ಹೆಬ್ಬೆರಳನ್ನು ಚಕ್ರದ ಒಳಗೆ ಸಿಗಿಸಿ ಹಿಡಿಯುವ ಚಟವನ್ನು ನವನಗರದ ಹತ್ತಿರದ ಒಂದು ತಗ್ಗು ಬಿಡಿಸಿತು: ಮೊದಲು ಎಣ್ಣೆ ನುಂಗುತ್ತಿದ್ದ ಹೊಡೆತ ಈಗ ನೇರವಾಗಿ ಕೈಗೆ ಬಂದು, ಬೆರಳು ಎರಡು ದಿನ ಬಾತುಕೊಂಡಿತ್ತು. ವೇಗ 20 ಕಿಲೋಮೀಟರ್ ದಾಟಿದ ಮೇಲೆ ಮಾತ್ರ ವ್ಯತ್ಯಾಸ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಧಾರವಾಡದ ತನಕ ಚಿಗರಿ ಬಸ್ಸಿನ ಪಕ್ಕದಲ್ಲೇ ಸಲೀಸಾಗಿ ಹೋಗಿ ಬರುತ್ತಿದ್ದೆ. ದುರ್ಗದ ಬೈಲಿನ ಸಂದಿಗೊಂದಿಗಳಿಗೆ ಒಯ್ಯುವುದನ್ನು ಬಿಟ್ಟೆ.

ನನ್ನನ್ನು ಹೆಚ್ಚು ಕಾಡಿದ್ದು ಭಾರವಲ್ಲ, ನೇರ ರಸ್ತೆಯಲ್ಲಿ ಚಕ್ರದ ನಟ್ಟನಡುವೆ ತೋರುತ್ತಿದ್ದ ಒಂದು ಮೆತ್ತಗಿನ ಸಡಿಲು. ತಿರುಗಿಸಿದ ಕೂಡಲೇ ಗಾಲಿ ಸ್ಪಂದಿಸದೆ, ಸ್ವಲ್ಪ ಬಾಗಿದಂತಾಗಿ ಆಮೇಲೆ ಕಚ್ಚುತ್ತಿತ್ತು. ನಾವು ಎಷ್ಟು ಬಲ ಹಾಕುತ್ತೇವೆಂದು ಅಳೆದು ಎಣ್ಣೆಯನ್ನು ಆ ಕಡೆ ಈ ಕಡೆ ಬಿಡುವ ಸಣ್ಣ ಉಕ್ಕಿನ ಕಡ್ಡಿಯೊಂದು ಒಳಗಿರುತ್ತದೆ. ಪವರ್ ಇಲ್ಲದಾಗ ಮೊದಲು ಅದು ತಿರುಚಿಕೊಂಡು, ನಂತರ ಗಾಲಿಗೆ ಬಲ ಹೋಗುತ್ತದೆ. ಇದು ಸಹಜ. ಆದರೆ ರ್ಯಾಕನ್ನು ಗಾಲಿಗೆ ಜೋಡಿಸುವ ಕೀಲು, ಅಂದರೆ ಟೈ ರಾಡ್ ಎಂಡ್, ಸವೆದರೂ ಕೈಗೆ ಹೆಚ್ಚುಕಡಿಮೆ ಹೀಗೆಯೇ ಅನಿಸುತ್ತದೆ, ಅದು ಸಹಜವಲ್ಲ, ಪ್ರಾಣಕ್ಕೇ ಸಂಚಕಾರ. ಅದಕ್ಕಾಗಿ ತಿಂಗಳಿಗೊಮ್ಮೆ ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿ, ಎರಡೂ ಪಕ್ಕದಲ್ಲಿ ಹಿಡಿದು ಅಲುಗಿಸಿ ನೋಡುತ್ತಿದ್ದೆ. ಎಂಟನೆಯ ತಿಂಗಳಲ್ಲಿ ಎಡಗಡೆಯದು ಟಕ್ ಎಂದಿತು, ಮರುದಿನವೇ ಬದಲಿಸಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು ಸ್ಟೇರಿಂಗ್ ಚಕ್ರದ ಸಡಿಲು 30 ಡಿಗ್ರಿ ಮೀರಬಾರದೆನ್ನುತ್ತದೆ. ಅಷ್ಟರವರೆಗೆ ಕಾಯುವವರ ಧೈರ್ಯ ನನಗಿಲ್ಲ.

ಪವರ್ ಬಂದು ಹೋಗಿ ಮಾಡುವ ಗಾಡಿಯನ್ನು ಮಾತ್ರ ಹೀಗೆ ಓಡಿಸಬೇಡಿ. ಪೂರ್ತಿ ಇಲ್ಲವೆಂದು ಗೊತ್ತಿದ್ದರೆ ಕೈ ಸಿದ್ಧವಾಗಿರುತ್ತದೆ. ತಿರುವಿನ ಮಧ್ಯದಲ್ಲಿ ಕೈಕೊಡುವ ಪವರಿಗೆ ಯಾರೂ ಸಿದ್ಧರಿರುವುದಿಲ್ಲ.

ಕೊನೆಗೆ ನನ್ನ ಪ್ರಯೋಗ ಮುರಿದದ್ದು ಮನೆಯೊಳಗೆ. ನನಗೆ ಜ್ವರ ಬಂದ ಒಂದು ರಾತ್ರಿ ಔಷಧಿ ತರಲು ನಮ್ಮ ಮನೆಯವರು ಕೀಲಿಕೈ ತೆಗೆದುಕೊಂಡು ಹೋದರು; ಓಣಿಯಲ್ಲಿ ಗಾಡಿಯನ್ನು ಹೊರಳಿಸಲಾಗದೆ ಅಲ್ಲಿಯೇ ಅಡ್ಡ ನಿಲ್ಲಿಸಿ ನಡೆದುಕೊಂಡೇ ಹೋಗಿ ಬಂದರು. "ಇದು ನಿಮ್ಮೊಬ್ಬರದ ಗಾಡಿ ಬಿಡ್ರಿ" ಎಂದಷ್ಟೇ ಅಂದರು. ಮರುವಾರ ಮೇಸ್ತ್ರಿ ಗುಜರಿಯ ಗಾಡಿಯೊಂದರಿಂದ ಒಳ್ಳೆಯ ರ್ಯಾಕನ್ನು ಕೂಲಿ ಸೇರಿ 8,000ಕ್ಕೆ ಹೊಂದಿಸಿ ಕೊಟ್ಟರು. ಒಣಗಲು ಬಿಡದೆ ಬೆಲ್ಟು ಕಳಚಿಟ್ಟಿದ್ದ ಹಳೆಯ ಪಂಪು ಹಾಗೆಯೇ ಕೆಲಸಕ್ಕೆ ಬಂತು. ಮುಂದಿನ ಗಾಲಿಗಳನ್ನೆತ್ತಿ, ಹೊಸ ಎಣ್ಣೆ ಹಾಕಿ, ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿದಾಗ ನೊರೆ ಅಡಗಿತು. ಗಾಡಿ ಮನೆಗೆ ತಂದು ಗೇಟಿನೊಳಗೆ ತಿರುಗಿಸುವಾಗ, ಹದಿನಾಲ್ಕು ತಿಂಗಳ ರೂಢಿಯಂತೆ ಜೋರಾಗಿ ಎಳೆದೆ. ಬಂಪರ್ ಕಂಪೌಂಡಿಗೆ ಒರಸಿತು.