ಬೆಚ್ಚಗಿನ ಟ್ಯಾಂಕ್: ಭೋಸರಿಯ ಗಾಳಾದಲ್ಲಿ ನಾನು ಮಾಡಿದ ಗುರಿಹಲಗೆ

"ಪ್ಲೈವುಡ್ ಹಲಗೆಗೆ ಕಾವು ಕೊಡೋಕೆ ಇಷ್ಟು ದುಡ್ಡು ಯಾಕೆ?" ಈ ಮಾತನ್ನು ಮೂರು ವರ್ಷ ಕೇಳಿಸಿಕೊಂಡೆ. ಪುಣೆಯ ಭೋಸರಿಯಲ್ಲಿ ನನ್ನದೊಂದು ಗಾಳಾ, ಅಂದರೆ ಸಣ್ಣ ವರ್ಕ್‌ಶಾಪ್ ಶೆಡ್. ಟ್ಯಾಂಕ್ ಹೊಡೆಯುವ ಕ್ಷಿಪಣಿ ಹಾರಿಸಲು ಕಲಿಯುವವರಿಗೆ ಅಲ್ಲಿ ಗುರಿಹಲಗೆ ಮಾಡುತ್ತೇನೆ. ಹೋದ ಚಳಿಗಾಲದಲ್ಲಿ ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಕಡೆಯ ಒಂದು ಫೈರಿಂಗ್ ರೇಂಜಿನಲ್ಲಿ, ನಸುಕಿನ ಹೊತ್ತು, ಎರಡು ಕಿಲೋಮೀಟರ್ ಆಚೆಯಿಂದ ಕ್ಷಿಪಣಿ ಹಾರಿಸುವ ಗನ್ನರ್ ಒಬ್ಬ ಥರ್ಮಲ್ ದುರ್ಬೀನಿನಲ್ಲಿ, ಅಂದರೆ ಶಾಖವನ್ನು ಚಿತ್ರವಾಗಿ ತೋರಿಸುವ ದುರ್ಬೀನಿನಲ್ಲಿ, ನನ್ನ ಹಲಗೆ ನೋಡಿದ. "ಟ್ಯಾಂಕ್, ಎಡಕ್ಕೆ ಮುಖ, ಎಂಜಿನ್ ಚಾಲೂ ಇದೆ" ಅಂದ. ಅಲ್ಲಿ ಎಂಜಿನ್ನೂ ಇರಲಿಲ್ಲ, ಟ್ಯಾಂಕೂ ಇರಲಿಲ್ಲ. ಪ್ಲೈವುಡ್, ಕಾರ್ಬನ್ ಫಿಲ್ಮ್, ನಾಲ್ಕು ಬ್ಯಾಟರಿ ಇದ್ದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫ್ಯಾಬ್ರಿಕೇಶನ್ ಮಾಡುವವರಿಗೆ ಹಲಗೆ, ಫ್ರೇಮ್, ವೈರಿಂಗ್ ಹೊಸದಲ್ಲ. ಅದನ್ನು ಬಿಟ್ಟುಬಿಡುತ್ತೇನೆ. ಆದರೆ ಇದು ಯಾಕೆ ಬೇಕಾಯಿತು ಅನ್ನುವುದನ್ನು ಎರಡು ಮಾತಲ್ಲಿ ಹೇಳಲೇಬೇಕು.

ನಮ್ಮ ಸೇನೆಯ ಹತ್ತಿರ ಬಹುಕಾಲದಿಂದ ಇರುವುದು ಮಿಲಾನ್, ಕಾಂಕುರ್ಸ್. ಎರಡೂ ಹಿಂದೆ ತಂತಿ ಬಿಟ್ಟುಕೊಂಡು, ಅದರ ಮೂಲಕ ಲಾಂಚರಿನ ಮಾತು ಕೇಳುತ್ತ ಹಾರುವ ಟ್ಯಾಂಕ್ ಹೊಡೆಯುವ ಕ್ಷಿಪಣಿಗಳು. ಬಡಿಯುವ ತನಕ ಗನ್ನರ್ ತನ್ನ ದುರ್ಬೀನಿನ ಗೆರೆಯನ್ನು ಟ್ಯಾಂಕ್ ಮೇಲೆ ಹಿಡಿದಿರಬೇಕು. ಮಿಲಾನ್ ಎರಡು ಕಿಲೋಮೀಟರ್ ಹೋಗಲು ಹನ್ನೆರಡು ಸೆಕೆಂಡಿನ ಮೇಲೆ ಬೇಕು. ಕಾಂಕುರ್ಸ್ ನಾಲ್ಕು ಕಿಲೋಮೀಟರಿಗೆ ಇಪ್ಪತ್ತರ ಹತ್ತಿರ. ಹಗಲಿನಲ್ಲಿ ಬಣ್ಣ ಬಳಿದ ಪ್ಲೈವುಡ್ ಸಾಕು. ಆದರೆ ಲಾಂಚರ್ ಮೇಲೆ ಥರ್ಮಲ್ ದುರ್ಬೀನು ಕೂತ ಮೇಲೆ ರಾತ್ರಿ ಆ ಪ್ಲೈವುಡ್ ನೆಲದ ಜೊತೆ ಕರಗಿಹೋಗುತ್ತದೆ. ಇನ್ನು ನಾಗ್ ಕ್ಷಿಪಣಿಯಂತೂ ಹಾರುವ ಮೊದಲೇ ಶಾಖದ ಚಿತ್ರ ನೋಡಿ ಗುರಿ ಕಚ್ಚಿಕೊಳ್ಳುವಂಥದ್ದು. ಕ್ಷಿಪಣಿ ಹೊಸದಾದರೆ ಗುರಿಯೂ ಹೊಸದಾಗಬೇಕು, ಅಲ್ವಾ? ಆ ಕಡೆ ಯಾರೂ ನೋಡುತ್ತಿಲ್ಲ ಅನ್ನುವುದೇ ನನ್ನ ದೂರು.

"ತಂತಿಯ ಕ್ಷಿಪಣಿಗಳ ಕಾಲ ಮುಗಿಯಿತು, ಇದಕ್ಕೆ ದುಡ್ಡು ಹಾಕಬೇಡಿ" ಅಂದವರೂ ಇದ್ದರು. 2021ರ ಮಾರ್ಚಿನಲ್ಲಿ 4,960 ಮಿಲಾನ್-2ಟಿ ಕ್ಷಿಪಣಿಗಳಿಗೆ 1,188 ಕೋಟಿಯ ಒಪ್ಪಂದ ಆಯಿತು. ಭಾಗಿಸಿ ನೋಡಿ, ಒಂದಕ್ಕೆ 24 ಲಕ್ಷದ ಆಸುಪಾಸು. 2022ರ ಫೆಬ್ರವರಿಯಲ್ಲಿ ಕಾಂಕುರ್ಸ್-ಎಂಗೆ 3,131 ಕೋಟಿಯ ಮೇಲೆ. ಅಂದರೆ ತಂತಿಯ ಕ್ಷಿಪಣಿ ಇನ್ನೂ ಬಹಳ ವರ್ಷ ಇರುತ್ತದೆ. 2025ರ ಮಾರ್ಚಿನಲ್ಲಿ ನಾಗ್ ಹಾರಿಸುವ ವಾಹನಗಳಿಗೂ 1,801 ಕೋಟಿಯ ಒಪ್ಪಂದವಾಯಿತು. ಹಳೆಯದೂ ಇರುತ್ತದೆ, ಹೊಸದೂ ಬರುತ್ತದೆ. ಎರಡಕ್ಕೂ ಬಿಸಿ ಗುರಿ ಬೇಕು. 24 ಲಕ್ಷದ್ದನ್ನು ಹಾರಿಸಿ ಕಲಿಯುವ ಹುಡುಗನಿಗೆ ತಣ್ಣಗಿನ ಹಲಗೆ ತೋರಿಸುವುದು ಯಾವ ನ್ಯಾಯ?

ಮೊದಲ ಹಲಗೆಗೆ ನೈಕ್ರೋಮ್ ತಂತಿ ಹಾಕಿದೆ, ಹೀಟರಿನಲ್ಲಿ ಕೆಂಪಗೆ ಕಾಯುತ್ತದಲ್ಲ, ಅದು. ನನ್ನ ಗಾಳಾದಲ್ಲಿ ಓವನ್ ರಿಪೇರಿ ಕೆಲಸ ಇತ್ತು, ತಂತಿ ಬಿದ್ದಿತ್ತು. ಬಾಡಿಗೆಗೆ ತಂದ ಥರ್ಮಲ್ ಕ್ಯಾಮೆರಾದಲ್ಲಿ ಹಲಗೆ ಪಟ್ಟೆ ಪಟ್ಟೆಯಾಗಿ ಕಂಡಿತು. ತಂತಿ ಇದ್ದಲ್ಲಿ ಬಿಳಿ, ನಡುವೆ ಕಪ್ಪು. ಕರೆಂಟ್ ಜಾಸ್ತಿ ಕೊಟ್ಟೆ, ಪ್ಲೈವುಡ್ ಹೊತ್ತಿಕೊಂಡಿತು. ಅಲ್ಲಿಗೆ ನಲವತ್ತು ಸಾವಿರ ಹೋಯಿತು.

ಎರಡನೆಯದಕ್ಕೆ ಜಿಐ ಶೀಟ್, ಅಂದರೆ ಸತು ಬಳಿದ ತಗಡು. ಹಿಂದೆ ಹೀಟರ್, ಮುಂದೆ ಶೀಟ್, ಕಾವು ಸಮನಾಗಿ ಹರಡುತ್ತದೆ ಅಂತ ಲೆಕ್ಕ. ರಾತ್ರಿ ಹತ್ತು ಗಂಟೆಗೆ ಚಾಕಣ ದಾಟಿ ಪರಿಚಯದವರ ಹೊಲದಲ್ಲಿ ನಿಲ್ಲಿಸಿದೆವು. ನನ್ನ ಕೆಲಸದ ಹುಡುಗ ಇಂಡಿ ತಾಲೂಕಿನವನು. ಶೀಟಿಗೆ ಅಂಗೈ ಇಟ್ಟು, ಕ್ಯಾಮೆರಾ ನೋಡಿ, "ಅಣ್ಣಾ, ಬಿಸಿ ಐತಿ, ಆದ್ರ ಕಾಣವಲ್ದು" ಅಂದ. ನಿಜ. ಮುಟ್ಟಿದರೆ ಬಿಸಿ, ಪರದೆಯಲ್ಲಿ ನೆಲಕ್ಕಿಂತ ತಣ್ಣಗೆ. ಹೊಳೆಯುವ ಲೋಹ ತನ್ನ ಶಾಖವನ್ನು ಸರಿಯಾಗಿ ಹೊರಗೆ ಬಿಡುವುದಿಲ್ಲ, ಕನ್ನಡಿಯ ಹಾಗೆ ಆಕಾಶವನ್ನು ತೋರಿಸುತ್ತದೆ. ಮೋಡವಿಲ್ಲದ ರಾತ್ರಿಯ ಆಕಾಶ ತೀರಾ ತಣ್ಣಗಿರುತ್ತದೆ. ಇದನ್ನು ತಿಳಿಯಲು ನನಗೆ ಎರಡು ತಿಂಗಳು, 90 ಸಾವಿರ ಬೇಕಾಯಿತು. ಪರಿಹಾರ ಒಂದು ಡಬ್ಬಿ ಮ್ಯಾಟ್ ಬಣ್ಣ. ಹೊಳಪಿನ ಬಣ್ಣ ಬೇಡವೇ ಬೇಡ.

ಮೂರನೆಯ ಸಲ ಕಾರ್ಬನ್ ಹೀಟಿಂಗ್ ಫಿಲ್ಮ್ ತರಿಸಿದೆ. ಚಳಿ ದೇಶಗಳಲ್ಲಿ ನೆಲದ ಟೈಲ್ಸ್ ಕೆಳಗೆ ಹಾಸುತ್ತಾರಲ್ಲ, ಅದು. ಕಾವು ಹಿಂದಕ್ಕೆ ಹೋಗದಂತೆ ಗ್ಲಾಸ್‌ವೂಲ್, ಮುಂದೆ ಮ್ಯಾಟ್ ಬಣ್ಣದ ತೆಳು ಹಾಳೆ. ಇಡೀ ಟ್ಯಾಂಕ್ ಆಕಾರ, ಹದಿನಾಲ್ಕು ಚದರ ಮೀಟರಿನಷ್ಟು, ಪೂರ್ತಿ ಕಾಯಿಸಿದೆ. ಥರ್ಮೋಸ್ಟಾಟ್ 45 ಡಿಗ್ರಿಗೆ. ಡಿಸೆಂಬರ್ ರಾತ್ರಿ, ಹೊರಗೆ 12 ಡಿಗ್ರಿ. ಅರ್ಧ ಗಂಟೆಯೊಳಗೆ ನಾಲ್ಕೂ ಬ್ಯಾಟರಿ ಮಲಗಿದವು.

ಆ ಹೊತ್ತಿಗೆ ನಮ್ಮ ಕಡೆಯ ನಿವೃತ್ತ ಸುಬೇದಾರ್ ಸಾಹೇಬರೊಬ್ಬರು ಸಿಕ್ಕರು. ಗೋಕಾಕ ಕಡೆಯವರು, ಈಗ ದಿಘಿಯಲ್ಲಿ ಮನೆ. ವರ್ಷಗಟ್ಟಲೆ ಲಾಂಚರ್ ಹಿಂದೆ ಕೂತವರು. ಪರದೆ ನೋಡಿದವರೇ, "ಸಾಹುಕಾರ್ರ, ಇದು ಟ್ಯಾಂಕ್ ಅಲ್ರೀ, ರೊಟ್ಟಿ ಹಂಚು" ಅಂದರು. ಆಮೇಲೆ ಕೂತು ತಿಳಿಸಿ ಹೇಳಿದರು. ನಿಜವಾದ ಟ್ಯಾಂಕ್ ಎಲ್ಲ ಕಡೆ ಒಂದೇ ಸಮ ಬಿಸಿ ಇರುವುದಿಲ್ಲ. ಹಿಂದೆ ಎಂಜಿನ್ ಬಿಸಿ. ಟಿ-72 ಥರದ್ದಾದರೆ ಎಡಗಡೆ ಹಿಂಭಾಗದಲ್ಲಿ ಹೊಗೆ ಬಿಡುವ ಜಾಗ ಉರಿಯುತ್ತಿರುತ್ತದೆ. ಓಡಿ ಬಂದದ್ದಾದರೆ ಚಕ್ರದ ರಬ್ಬರ್ ಬೆಚ್ಚಗಿರುತ್ತದೆ. ಉಳಿದ ಮೈ ಸುಮ್ನೆ ಸ್ವಲ್ಪ ಬೆಚ್ಚಗೆ. ಗನ್ನರ್ ಗುರುತಿಸುವುದು ಈ ಏರಿಳಿತವನ್ನು. ಅವತ್ತು ಅವರು ಕಾಗದದ ಮೇಲೆ ಬರೆದುಕೊಟ್ಟ ಚಿತ್ರ ಈಗಲೂ ನನ್ನ ಕಪಾಟಿನಲ್ಲಿದೆ. ನನ್ನ ಹದಿನೆಂಟು ವರ್ಷದ ಧಂಧೆಯಲ್ಲಿ ಇಷ್ಟು ಉಪಕಾರ ಮಾಡಿದ ಕಾಗದ ಇನ್ನೊಂದಿಲ್ಲ.

ಕಾಯಿಸುವ ಜಾಗ ಹದಿನಾಲ್ಕರಿಂದ ಐದು ಚದರ ಮೀಟರಿಗೆ ಇಳಿಯಿತು. ಚದರ ಮೀಟರಿಗೆ 120–130 ವ್ಯಾಟ್ ಹಿಡಿದೆ. ಗಾಳಿ ಬೀಸಿದರೆ ಅದೂ ಸಾಲುವುದಿಲ್ಲ, ಜಾಸ್ತಿ ಇಟ್ಟುಕೊಳ್ಳಿ. ಅವೇ ಬ್ಯಾಟರಿಗಳು ಐದು ಗಂಟೆ ಬಂದವು.

ನಿಜವಾದ ಗೆಲುವು ಇನ್ನೊಂದು ಕಡೆ ಇತ್ತು. ಥರ್ಮೋಸ್ಟಾಟನ್ನು ಯಾವಾಗಲೂ ಒಂದೇ ತಾಪಕ್ಕೆ ಕಟ್ಟಿಹಾಕಿದರೆ ರಾತ್ರಿ ಹಲಗೆ ಒಲೆಯ ಹಾಗೆ ಉರಿಯುತ್ತದೆ, ಮಧ್ಯಾಹ್ನ ಬಿಸಿಲಿಗೆ ಕಾದ ನೆಲದಲ್ಲಿ ಮಾಯವಾಗುತ್ತದೆ. ನಾಗ್ ತಯಾರಾಗುವಾಗ ಮರುಭೂಮಿಯ ಬೇಸಿಗೆ ಅದಕ್ಕೆ ಕೊಟ್ಟ ಕಾಟವೂ ಇದೇ. ಮರಳೂ ಕಾದಿರುತ್ತದೆ, ಟ್ಯಾಂಕೂ ಕಾದಿರುತ್ತದೆ, ಬೇರೆ ಮಾಡಿ ನೋಡುವುದು ಕಷ್ಟ. 1983ರಲ್ಲಿ ಶುರುವಾದ ಕೆಲಸದ ಕೊನೆಯ ಬಳಕೆದಾರ ಪರೀಕ್ಷೆ ಪೋಖ್ರಾನಿನಲ್ಲಿ ಮುಗಿದದ್ದು 2020ರ ಅಕ್ಟೋಬರಿನಲ್ಲಿ. ಆ ಸುದ್ದಿ ಓದುವಾಗ ನನಗೆ ಹೊಳೆಯಿತು. ಲೆಕ್ಕಕ್ಕೆ ಬರುವುದು ಹಲಗೆ ಎಷ್ಟು ಬಿಸಿ ಅನ್ನುವುದಲ್ಲ. ನೆಲಕ್ಕಿಂತ ಎಷ್ಟು ಜಾಸ್ತಿ ಬಿಸಿ ಅನ್ನುವುದು. ಎರಡು ಸೆನ್ಸರ್ ಇಟ್ಟೆ. ಒಂದು ಹಲಗೆಗೆ, ಒಂದು ನೆಲಕ್ಕೆ. ಕಂಟ್ರೋಲರ್ ಇವೆರಡರ ವ್ಯತ್ಯಾಸವನ್ನು ಹಿಡಿದಿಡುತ್ತದೆ. ಮೈಗೆ ನಾಲ್ಕು ಡಿಗ್ರಿ, ಚಕ್ರಕ್ಕೆ ಎಂಟು, ಎಂಜಿನ್ ಜಾಗಕ್ಕೆ ಹದಿನೈದರ ಮೇಲೆ. ಬೆಳಗ್ಗೆ ಮತ್ತು ಸಂಜೆ ನೆಲ, ಲೋಹ, ಕಲ್ಲು ಎಲ್ಲ ಒಂದೇ ತಾಪಕ್ಕೆ ಬಂದು ಪರದೆ ಬೂದಿ ಬಳಿದಂತಾಗುವ ಹೊತ್ತು ಇರುತ್ತದೆ. ಆಗಲೂ ನನ್ನ ಹಲಗೆ ಎದ್ದು ಕಾಣುತ್ತದೆ. ನೆಲದ ಸೆನ್ಸರನ್ನು ಎಲ್ಲಿ, ಎಷ್ಟು ಆಳಕ್ಕೆ, ಯಾವುದರ ಕೆಳಗೆ ಇಡುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಬಣ್ಣಕ್ಕೆ ಏನು ಬೆರೆಸುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ. ಅವೆರಡರಿಂದಲೇ ನನ್ನ ಹೊಟ್ಟೆ ತುಂಬುವುದು.

ಶುರುವಿನಲ್ಲಿ 230 ವೋಲ್ಟ್ ಫಿಲ್ಮ್ ಹಾಕಿದ್ದೆ. ಜುಲೈ ಮಳೆಯಲ್ಲಿ ಅಂಚಿನಿಂದ ನೀರು ಇಳಿದು ಹುಡುಗನಿಗೆ ಶಾಕ್ ಹೊಡೆಯಿತು. ದೇವರ ದಯೆ, ಏನೂ ಆಗಲಿಲ್ಲ. ಅವತ್ತೇ ಎಲ್ಲ ಕಿತ್ತು 48 ವೋಲ್ಟಿಗೆ ಬಂದೆ. ನೀವು ಮಾಡುವುದಾದರೆ ಮೊದಲಿಂದಲೇ ಹಾಗೆ ಮಾಡಿ. ಇನ್ನೊಂದು ಮಾತು, ಗುರಿ ಇರುವುದೇ ಏಟು ತಿನ್ನಲು. ತುಂಡುಗಳನ್ನು ಪ್ಯಾರಲಲ್ ಜೋಡಿಸಿ, ಒಂದೊಂದಕ್ಕೂ ಬೇರೆ ಫ್ಯೂಸ್ ಕೊಡಿ. ತೂತು ಬಿದ್ದ ತುಂಡು ಸಾಯುತ್ತದೆ, ಉಳಿದದ್ದು ಕೆಲಸ ಮಾಡುತ್ತದೆ. ಬ್ಯಾಟರಿಯನ್ನು ದೂರದ ಗುಂಡಿಯಲ್ಲಿ ಇಡಿ.

ನಡುವೆ ಮೇಣದ ಹುಚ್ಚು ಹಿಡಿಯಿತು. ಮೇಣ ಕರಗಿ ಮತ್ತೆ ಗಟ್ಟಿಯಾಗುವಾಗ ಬಹಳ ಹೊತ್ತು ಒಂದೇ ತಾಪದಲ್ಲಿ ನಿಲ್ಲುತ್ತದೆ. ದುಂಡನೆಯ ಚಪ್ಪಟೆ ತಗಡಿನ ಡಬ್ಬಿಗಳಲ್ಲಿ ಪ್ಯಾರಾಫಿನ್ ತುಂಬಿ, ಬಿಸಿನೀರಿನ ಹಂಡೆಯಲ್ಲಿ ಕಾಯಿಸಿ, ಚಕ್ರದ ಜಾಗಕ್ಕೆ ತಗುಲಿಸಿದೆ. ಬ್ಯಾಟರಿ ಇಲ್ಲದೆ ಒಂದೂವರೆ ಗಂಟೆ ಚಂದ ಕಾಣಿಸಿತು. ಆದರೆ ಹನ್ನೆರಡು ಡಬ್ಬಿ ಕಾಯಿಸಿ ಹೊತ್ತೊಯ್ಯುವವರು ಯಾರು? ಬಿಟ್ಟೆ. ಆದರೂ ಆ ಉಪಾಯ ಒಳ್ಳೆಯದು. ಯಾರಾದರೂ ಮುಂದುವರಿಸಿದರೆ ನನಗೆ ಸಂತೋಷ.

ಈಗ ದುಡ್ಡು. ಒಟ್ಟು ಹನ್ನೊಂದು ಲಕ್ಷ ಸುರಿದೆ, ನೆನಪಿದ್ದಷ್ಟು. ಅದರಲ್ಲಿ ಮೂರೂವರೆ ಲಕ್ಷ ಮನೆಯವಳ ಬಳೆ ಅಡವಿಟ್ಟು ತಂದದ್ದು. ಮೊದಲ ಆರ್ಡರ್ ಕೊಟ್ಟ ದೊಡ್ಡ ಕಂಪನಿ ಆರು ಸೆಟ್ ಒಯ್ದಿತು. ಸಣ್ಣ ಉದ್ಯಮಕ್ಕೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನು ಇದೆ. ನನಗೆ ಬಂದದ್ದು ಏಳು ತಿಂಗಳಿಗೆ, ಅದೂ ಅಲ್ಲಿನ ಒಬ್ಬರು "ಪ್ಲೈವುಡ್ಡಿಗೆ ಯಾಕೆ ಇಷ್ಟು?" ಅಂತ ಬಿಲ್ ಮೇಲೆ ಕೆಂಪು ಗೀಟು ಎಳೆದ ಮೇಲೆ. ಆ ಏಳು ತಿಂಗಳು ಓವನ್ ರಿಪೇರಿಯೇ ಹುಡುಗರ ಪಗಾರ ಕೊಟ್ಟಿತು. ಈಗ ಒಂದು ಸೆಟ್ ನನಗೆ 85 ಸಾವಿರದ ಹತ್ತಿರ ಬೀಳುತ್ತದೆ. ಏಟು ಬಿದ್ದ ಮೇಲೆ ಬದಲಿಸುವ ತುಂಡಿಗೆ ನಾಲ್ಕು ಸಾವಿರ. ಮಾರುವ ಬೆಲೆ ಪಾರ್ಟಿ ನೋಡಿ. ಬಳೆ ಬಿಡಿಸಿ ತಂದೆ.

ಪುಣೆಯಲ್ಲಿ ಇರುವುದು ಈ ಕೆಲಸಕ್ಕೆ ಒಳ್ಳೆಯದಾಯಿತು. ಇಲ್ಲಿನ ಪಾಷಾಣ್ ಬಡಾವಣೆಯ ಎಆರ್‌ಡಿಇ ಅನ್ನುವ ಸರ್ಕಾರಿ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ ಮಾಡಿದ, ಅರ್ಜುನ್ ಟ್ಯಾಂಕಿನ ನಳಿಗೆಯಿಂದಲೇ ಹಾರುವ ಲೇಸರ್ ಕ್ಷಿಪಣಿಯನ್ನು 2020ರ ಸೆಪ್ಟೆಂಬರಿನಲ್ಲಿ ಪರೀಕ್ಷಿಸಿದ್ದು ಅಹ್ಮದ್‌ನಗರದ ಕೆಕೆ ರೇಂಜಿನಲ್ಲಿ. ಅದಕ್ಕೆ ದಾರಿ ತೋರಿಸುವುದು ಲೇಸರ್, ಗುರಿಯ ಕಾವಲ್ಲ. ಆದರೂ ಆ ಸುದ್ದಿ ಬಂದ ದಿನ ಗಾಳಾದಲ್ಲಿ ಎಲ್ಲರಿಗೂ ಪೇಢೆ ಹಂಚಿದ್ದೆ. ಊರಿನ ಕೆಲಸ ಅಂದರೆ ಊರಿನ ಕೆಲಸ.

ಸದ್ಯ ಹಳಿಯ ಮೇಲೆ ಓಡುವ ಗುರಿ ಕಟ್ಟುತ್ತಿದ್ದೇನೆ. ನಿಂತ ಟ್ಯಾಂಕ್ ಮೇಲೆ ಇಪ್ಪತ್ತು ಸೆಕೆಂಡ್ ಗೆರೆ ಹಿಡಿಯುವುದು ಸುಲಭ, ಓಡುವುದರ ಮೇಲೆ ಹಿಡಿದರೆ ಗನ್ನರ್. ಬ್ಯಾಟರಿಯನ್ನು ಟ್ರಾಲಿಯಲ್ಲೇ ಇಟ್ಟರೆ ಮೊದಲ ಏಟಿಗೆ ಹೋಗುತ್ತದೆ. ಹಾಗಾಗಿ ಕೇಬಲ್ ಎಳೆಯಬೇಕು. ಕೇಬಲ್ ಸುತ್ತುವ ಡ್ರಮ್ ಅರವತ್ತು ಮೀಟರಿನ ಹತ್ತಿರ ಸಿಕ್ಕಿಕೊಳ್ಳುತ್ತಿದೆ. ಸುಬೇದಾರ್ ಸಾಹೇಬರು ಭಾನುವಾರ ಬರುತ್ತೇನೆ ಅಂದಿದ್ದಾರೆ.