ಕ್ರೀಡಾಪಟುಗಳ ಊಟ, ತಾಲೀಮುಗಳಲ್ಲಿ ನಾವು ಆರಿಸಿಕೊಳ್ಳಬೇಕಾದದ್ದು

ಸೈಕ್ಲಿಂಗ್ ಪಟುವಿನ ಊಟವನ್ನೋ ಪೈಲ್ವಾನರ ತಾಲೀಮನ್ನೋ ಅನುಸರಿಸುವ ಮೊದಲು, ನಿಮ್ಮ ಒಂದು ಸಾಮಾನ್ಯ ದಿನವನ್ನು ಕಾಗದದ ಮೇಲೆ ಬರೆಯಿರಿ: ಎಷ್ಟು ಹೊತ್ತು ಕುಳಿತಿರಿ, ಎಷ್ಟು ನಡೆದಿರಿ, ಎಷ್ಟು ಹೊತ್ತು ಮಲಗಿದಿರಿ. ಮುಂದಿನ ನಿರ್ಧಾರಗಳೆಲ್ಲ ಈ ಲೆಕ್ಕವನ್ನೇ ಆಧರಿಸಬೇಕು.

ವಿಜಯಪುರ, ಬಾಗಲಕೋಟೆಗಳ ಹೆದ್ದಾರಿಗಳಲ್ಲಿ ನಸುಕಿನಲ್ಲೇ ಸೈಕಲ್ ತುಳಿಯುವ ಪಟುಗಳು ವೇಗದ ಸವಾರಿಯಲ್ಲಿ ಗಂಟೆಗೆ 600 ಕ್ಯಾಲೊರಿಗೂ ಹೆಚ್ಚು ವ್ಯಯಿಸಬಲ್ಲರು. 60 ಕಿಲೋ ತೂಕದವರು ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 150ರಿಂದ 180 ಕ್ಯಾಲೊರಿ ಮಾತ್ರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ, ಹೆಚ್ಚು ಹೊತ್ತು ಕುಳಿತೇ ಕೆಲಸ ಮಾಡುವ, 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ ಸುಮಾರು 2,110, 55 ಕಿಲೋ ತೂಕದ ಮಹಿಳೆಗೆ 1,660 ಕ್ಯಾಲೊರಿ ಸಾಕು. ತಾಲೀಮು ಬಿಟ್ಟ ಮೇಲೂ ತುಪ್ಪ, ಬಾದಾಮಿ, ಹಾಲಿನ ಪ್ರಮಾಣವನ್ನು ಇಳಿಸದ ಪೈಲ್ವಾನರ ಮೈ ಕೆಲವೇ ವರ್ಷಗಳಲ್ಲಿ ಹೇಗಾಗುತ್ತದೆ ಎಂಬುದನ್ನು ಬೆಳಗಾವಿಯ ಗರಡಿಮನೆಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಆ ಊಟ ತಪ್ಪಲ್ಲ. ಅದನ್ನು ಕರಗಿಸುವ ದುಡಿಮೆ ನಿಂತಿರುತ್ತದೆ.

ಪ್ರೊಟೀನಿನ ವಿಚಾರದಲ್ಲಿ ಗಾಬರಿ ಬೇಡ. ಸಾಮಾನ್ಯರಿಗೆ ಕಿಲೋ ತೂಕಕ್ಕೆ ಸುಮಾರು 0.83 ಗ್ರಾಂ, ಎಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 50 ಗ್ರಾಂ ಪ್ರೊಟೀನ್ ಬೇಕು. ಕಠಿಣ ತರಬೇತಿಯಲ್ಲಿರುವವರಿಗೆ 1.2ರಿಂದ 2 ಗ್ರಾಂ. ಐವತ್ತು ಗ್ರಾಂ ಹಿಟ್ಟಿನ ನಾಲ್ಕು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಕಾಳಿನ ಪಲ್ಯ, ತೊಗರಿಬೇಳೆಯ ಸಾರು, ಶೇಂಗಾ ಚಟ್ನಿ ಮತ್ತು ಮೊಸರು ಸೇರಿದರೆ ಆ 50 ಗ್ರಾಂ ಹತ್ತಿರಹತ್ತಿರ ತುಂಬುತ್ತದೆ. ಆದ್ದರಿಂದ ಡಬ್ಬಿಯ ಪುಡಿಗೆ ಹಣ ಸುರಿಯುವ ಮೊದಲು ಊಟದಲ್ಲಿ ಕಾಳಿನ ಪಲ್ಯ ಎಷ್ಟಿದೆ ಎಂದು ನೋಡಿಕೊಳ್ಳಿ. ಕ್ರೀಡಾ ಪಾನೀಯವೂ ಹಾಗೆಯೇ: ಅರ್ಧ ಲೀಟರಿನಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುವುದರಿಂದ, ಅರ್ಧ ಗಂಟೆಯ ನಡಿಗೆಗೆ ನೀರು ಅಥವಾ ಮಜ್ಜಿಗೆಯೇ ಸಾಕು.

ಇನ್ನು ತಾಲೀಮು. ನಿಜವಾಗಿ ಅನುಕರಿಸಬೇಕಾದದ್ದು ಇಲ್ಲಿದೆ, ಮತ್ತು ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ದೂರದ ಓಟ, ಸೈಕ್ಲಿಂಗ್‌ಗಳ ಶ್ರೇಷ್ಠ ಪಟುಗಳು ತಮ್ಮ ತರಬೇತಿಯ ಸುಮಾರು ಶೇ 80 ಭಾಗವನ್ನು ನಿರಾಯಾಸ ವೇಗದಲ್ಲೇ ಮಾಡುತ್ತಾರೆ. ಸ್ಪರ್ಧೆಯಲ್ಲಿ ಕಾಣುವ ಆವೇಶ ಅವರ ದಿನನಿತ್ಯದ ಅಭ್ಯಾಸವಲ್ಲ. ನೀವೂ ವಾರದ ಹೆಚ್ಚಿನ ದಿನಗಳಲ್ಲಿ, ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವ ಆದರೆ ಹಾಡಲು ಉಸಿರು ಸಾಲದ ವೇಗದಲ್ಲಿ ನಡೆಯಿರಿ ಅಥವಾ ಸೈಕಲ್ ತುಳಿಯಿರಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಇಂಥ 150ರಿಂದ 300 ನಿಮಿಷಗಳ ಚಟುವಟಿಕೆ ಮತ್ತು ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು.

ಆ ಎರಡು ದಿನ ಗರಡಿಯ ಸಾಮು, ಬಸ್ಕಿಗಳೇ ಸಾಕು. ಆದರೆ ಪೈಲ್ವಾನರ ಸಂಖ್ಯೆಯನ್ನು ಮೊದಲ ದಿನವೇ ಮುಟ್ಟಲು ಹೋಗಬೇಡಿ. ಹತ್ತು ಹತ್ತರ ಎರಡು ಸುತ್ತಿನಿಂದ ಆರಂಭಿಸಿ, ನೋವಿಲ್ಲದಿದ್ದರೆ ವಾರಕ್ಕೊಮ್ಮೆ ಸ್ವಲ್ಪ ಏರಿಸಿ, ಏಕೆಂದರೆ ಸ್ನಾಯುಗಳು ಬೇಗ ಗಟ್ಟಿಯಾದರೂ ಕೀಲುಗಳ ಬಳಿಯ ಸ್ನಾಯುರಜ್ಜುಗಳು ಹದಗೊಳ್ಳಲು ತಿಂಗಳುಗಳು ಬೇಕು. ರೂಢಿಯಿಲ್ಲದವರು ಒಮ್ಮೆಲೇ ನೂರಾರು ಬಸ್ಕಿ ಹೊಡೆದರೆ ಸ್ನಾಯುಕೋಶಗಳು ಒಡೆದು ಮೂತ್ರಪಿಂಡಕ್ಕೆ ಅಪಾಯವಾಗಬಹುದು. ತೀವ್ರ ನೋವಿನ ಜೊತೆಗೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೇಸಿಗೆಯಲ್ಲಿ ನಮ್ಮ ಭಾಗದ ಬಿಸಿಲು 40 ಡಿಗ್ರಿ ದಾಟುವುದರಿಂದ, ಏನೇ ಮಾಡಿದರೂ ಬಿಸಿಲೇರುವ ಮೊದಲು ಮುಗಿಸಿ. ನಿದ್ದೆಯನ್ನು ಮಾತ್ರ ಪಟುಗಳಂತೆಯೇ ಕಾಪಾಡಿಕೊಳ್ಳಿ. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು, ಎದೆನೋವು ಅನುಭವಿಸಿದವರು ಮೊದಲು ವೈದ್ಯರನ್ನು ಕಾಣಲಿ.

ನಿಮ್ಮ ಮನೆಯಲ್ಲೇ ಸೈಕ್ಲಿಂಗ್ ಅಥವಾ ಕುಸ್ತಿಯ ತರಬೇತಿಗೆ ಹೋಗುವ ಮಗ ಅಥವಾ ಮಗಳಿದ್ದರೆ, ಮೇಲಿನ ಲೆಕ್ಕವನ್ನು ಅವರ ತಟ್ಟೆಗೆ ಹಚ್ಚಬೇಡಿ. ಬೆಳೆಯುವ ವಯಸ್ಸಿನಲ್ಲಿ ನಿತ್ಯ ಎರಡು ಹೊತ್ತು ದುಡಿಯುವ ದೇಹಕ್ಕೆ ಊಟ ಕಡಿಮೆಯಾದರೆ ಮೂಳೆಗಳು ದುರ್ಬಲವಾಗುತ್ತವೆ, ಹೆಣ್ಣುಮಕ್ಕಳ ಮುಟ್ಟು ನಿಂತುಹೋಗುವುದೂ ಉಂಟು. ಅಪ್ಪನಿಗಿಂತ ಎರಡು ರೊಟ್ಟಿ ಹೆಚ್ಚು ಕೇಳಿದರೆ ಯಾರೂ ಆಡಿಕೊಳ್ಳದೆ ಬಡಿಸಬೇಕು.