ಟೆಕ್ಸಾಸ್‌ಗೆ ಬಂದಿದ್ದೀರಾ? ಫೆಬ್ರವರಿಯ ಕರೆಂಟ್ ಬಗ್ಗೆ ಒಂದಿಷ್ಟು

ಟೆಕ್ಸಾಸ್‌ಗೆ ಹೊಸದಾಗಿ ಬರುವ ನಮ್ಮವರು ಜುಲೈ ಬಿಸಿಲಿಗೆ ಹೆದರುತ್ತಾರೆ, ಫೆಬ್ರವರಿಗೆ ಹೆದರುವುದಿಲ್ಲ. ಚಳಿ ಏನಿದ್ದರೂ ಶಿಕಾಗೋದವರ ಪಾಡು ಅನ್ನುವ ಧೈರ್ಯ. ಕರೆಂಟ್ ಹೋದರೆ ಹೋಗಲಿ, ಲೋಡ್ ಶೆಡ್ಡಿಂಗ್‌ನಲ್ಲೇ ಓದಿ ಪರೀಕ್ಷೆ ಪಾಸಾದವರು ನಾವು ಅನ್ನುವ ಇನ್ನೊಂದು ಧೈರ್ಯ. ಎರಡನ್ನೂ ಪಕ್ಕಕ್ಕಿಟ್ಟು ಕೇಳಿ.

ಊರಲ್ಲಿ ಕರೆಂಟ್ ಹೋದರೆ ಲೈಟು, ಫ್ಯಾನು ನಿಲ್ಲುತ್ತವೆ. ಸಿಲಿಂಡರ್ ಇದೆ, ಅನ್ನ ಸಾರು ಆಗುತ್ತದೆ. ಮಾಳಿಗೆ ಮೇಲಿನ ಟ್ಯಾಂಕಿನಲ್ಲಿ ನೀರಿರುತ್ತದೆ. ಇಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳು ಬೆಚ್ಚಗಾಗುವುದೇ ಕರೆಂಟಿನಿಂದ. ಗ್ಯಾಸ್ ಹೀಟರ್ ಇದ್ದರೂ ಅದರ ಬ್ಲೋವರ್‌ಗೆ ಕರೆಂಟ್ ಬೇಕು. ಬಿಸಿಲಿಗೆಂದೇ ಕಟ್ಟಿದ ಮನೆಗಳಾದ್ದರಿಂದ ನೀರಿನ ಪೈಪು ಅಟ್ಟದಲ್ಲೋ ಹೊರಗೋಡೆಯೊಳಗೋ ಹಾದಿರುತ್ತದೆ. ಹೀಟರ್ ನಿಂತರೆ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಹಿಮ ಕರಗಿದ ದಿನ ಸೀಲಿಂಗ್‌ನಿಂದ ನೀರು ಸುರಿಯುತ್ತದೆ.

2021ರ ಫೆಬ್ರವರಿ 15ರ ನಸುಕಿನಲ್ಲಿ ಆದದ್ದು ಇದೇ. ಈ ರಾಜ್ಯದ ಹೆಚ್ಚಿನ ಭಾಗಕ್ಕೆ ತನ್ನದೇ ಗ್ರಿಡ್, ಅಂದರೆ ವಿದ್ಯುತ್ ಜಾಲ, ಇದೆ. ಅದನ್ನು ನಡೆಸುವುದು ಎರ್ಕಾಟ್ ಎಂಬ ಸಂಸ್ಥೆ. ಅಕ್ಕಪಕ್ಕದ ರಾಜ್ಯಗಳ ಜೊತೆ ಅದಕ್ಕೆ ಇರುವ ಜೋಡಣೆ ಬಲು ಕಡಿಮೆ, ಕಷ್ಟಕಾಲದಲ್ಲಿ ಕಡ ತರುವ ದಾರಿ ಕಿರಿದು. ಗ್ಯಾಸ್ ಬಾವಿಗಳು ಹೆಪ್ಪುಗಟ್ಟಿದವು, ಗಾಳಿಯಂತ್ರಗಳ ರೆಕ್ಕೆಗೆ ಮಂಜು ಕಟ್ಟಿತು, ಒಂದು ಅಣುಸ್ಥಾವರದ ಘಟಕ ಕೂಡ ನೀರಿನ ಒತ್ತಡ ಅಳೆಯುವ ಸಣ್ಣ ಕೊಳವೆ ಗಡ್ಡೆಕಟ್ಟಿದ್ದಕ್ಕೆ ನಿಂತಿತು. ಗ್ಯಾಸ್ ದೂಡುವ ಅನೇಕ ಕಂಪ್ರೆಸರ್‌ಗಳು ಕರೆಂಟ್ ಕಡಿಯಬಾರದವರ ತುರ್ತು ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಅವುಗಳ ಕರೆಂಟನ್ನೂ ಕತ್ತರಿಸಿದರು. ಅದರಿಂದ ಇನ್ನಷ್ಟು ವಿದ್ಯುತ್ ಘಟಕಗಳಿಗೆ ಗ್ಯಾಸ್ ಇಲ್ಲದಾಯಿತು. ಬೇಡಿಕೆಗೆ ಕರೆಂಟ್ ಸಾಲದೆ, ಸದಾ 60 ಹರ್ಟ್ಸ್ ಇರಬೇಕಾದ ಗ್ರಿಡ್‌ನ ಫ್ರೀಕ್ವೆನ್ಸಿ 59.4ಕ್ಕಿಂತ ಕೆಳಗಿಳಿಯಿತು. ಇನ್ನು 4 ನಿಮಿಷ 37 ಸೆಕೆಂಡು ಹಾಗೇ ಇದ್ದಿದ್ದರೆ ಇಡೀ ಗ್ರಿಡ್ಡೇ ಕುಸಿಯುತ್ತಿತ್ತು. ಸುಮಾರು 45 ಲಕ್ಷ ಮನೆಗಳು ಕತ್ತಲಾದವು. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು.

ನನಗೆ ಇವತ್ತಿಗೂ ಸಿಟ್ಟು ಬರುವುದು ಚಳಿಯ ಮೇಲಲ್ಲ. 2011ರ ಫೆಬ್ರವರಿಯಲ್ಲೂ ಇದೇ ಗ್ರಿಡ್ ಚಳಿಗೆ ತತ್ತರಿಸಿತ್ತು. ಪೈಪಿಗೆ ಹೊದಿಕೆ ಹಾಕಿ, ಬಿಸಿ ತಂತಿ ಸುತ್ತಿ, ಗಾಳಿಗೆ ತಡೆ ಕಟ್ಟಿ ಎಂದು ಕೇಂದ್ರದ ತನಿಖಾ ವರದಿ ಆಗಲೇ ಹೇಳಿತ್ತು. ಯಾರೂ ಕಡ್ಡಾಯ ಮಾಡಲಿಲ್ಲ. ಇಲ್ಲಿನ ಮಾರುಕಟ್ಟೆಯಲ್ಲಿ ಮಾರಿದ ಯೂನಿಟ್‌ಗೆ ದುಡ್ಡು, ಸಿದ್ಧವಾಗಿ ಕಾದು ಕೂತದ್ದಕ್ಕೆ ಅಷ್ಟಿಲ್ಲ. ಹತ್ತು ವರ್ಷಕ್ಕೊಮ್ಮೆ ಬರುವ ಚಳಿಗೆ ಯಾವ ಮಾಲೀಕ ಖರ್ಚು ಮಾಡುತ್ತಾನೆ? ಆ ಉಳಿತಾಯದ ಬೆಲೆ ಆಮೇಲೆ ಬಂತು. ಆ ವಾರ ಸಗಟು ದರ ಯೂನಿಟ್‌ಗೆ 9 ಡಾಲರ್ ಮುಟ್ಟಿತು. ಗ್ಯಾಸ್ ಕಂಪನಿಗಳ ಸಾಲ ತೀರಿಸಲು ರಾಜ್ಯ ಸುಮಾರು 3.5 ಬಿಲಿಯನ್ ಡಾಲರ್ ಬಾಂಡ್ ತಂದಿತು. ಅದು ಗ್ಯಾಸ್ ಗ್ರಾಹಕರ ಬಿಲ್ಲಿನಲ್ಲಿ ವರ್ಷಗಟ್ಟಲೆ ತೀರಬೇಕು. ನೀವು ಆಗ ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಇದ್ದಿರಬಹುದು, ಆದರೂ ಆ ರಾತ್ರಿಗಳ ಸಾಲದಲ್ಲಿ ನಿಮ್ಮ ಪಾಲೂ ಇದೆ.

ಇನ್ನು ಕರೆಂಟ್ ಪ್ಲ್ಯಾನ್ ವಿಷಯ. ಆಸ್ಟಿನ್, ಸ್ಯಾನ್ ಆಂಟೋನಿಯೋದಲ್ಲಿ ನಗರದ್ದೇ ವಿದ್ಯುತ್ ಸಂಸ್ಥೆ, ಆಯ್ಕೆ ಇಲ್ಲ. ಡಲ್ಲಾಸ್, ಹ್ಯೂಸ್ಟನ್‌ನಲ್ಲಿ ಕಂಪನಿಯನ್ನೂ ಪ್ಲ್ಯಾನನ್ನೂ ನೀವೇ ಆರಿಸಬೇಕು. ಕ್ರೆಡಿಟ್ ಹಿಸ್ಟರಿ ಇಲ್ಲದಿದ್ದರೆ ಡೆಪಾಸಿಟ್ ಕೇಳುತ್ತಾರೆ, ಕೊಟ್ಟುಬಿಡಿ. ಸಗಟು ದರಕ್ಕೆ ನೇರ ಕಟ್ಟಿದ ಪ್ಲ್ಯಾನ್‌ಗಳನ್ನು 2021ರಲ್ಲೇ ಮನೆಗಳಿಗೆ ನಿಷೇಧಿಸಿದರು. ಅವನ್ನು ನಂಬಿದವರಿಗೆ ಸಾವಿರಾರು ಡಾಲರ್ ಬಿಲ್ ಬಂದಿತ್ತು. ಆದರೆ ಕರಾರು ಮುಗಿದ ಮೇಲೆ ಸುಮ್ಮನಿದ್ದರೆ ತಿಂಗಳು ತಿಂಗಳು ಬದಲಾಗುವ ದರಕ್ಕೆ ನಿಮ್ಮನ್ನು ತಳ್ಳುತ್ತಾರೆ. ನಿಗದಿತ ದರದ್ದನ್ನೇ ಹಿಡಿಯಿರಿ, ಕರಾರು ಚಳಿಗಾಲದ ನಡುವೆ ಮುಗಿಯದಂತೆ ನೋಡಿಕೊಳ್ಳಿ. ಪ್ರತಿ ಪ್ಲ್ಯಾನ್‌ನ ವಿವರ ಪತ್ರವಾದ ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್‌ನಲ್ಲಿ 500, 1000, 2000 ಯೂನಿಟ್‌ಗೆ ಬೇರೆ ಬೇರೆ ದರ ಇರುತ್ತದೆ. 1000ದ ದರ ಮಾತ್ರ ಆಕರ್ಷಕವಾಗಿದ್ದರೆ ಅಷ್ಟು ಬಳಸಿದರೆ ಮಾತ್ರ ಸಿಗುವ ಕ್ರೆಡಿಟ್, ಅಂದರೆ ಬಿಲ್ಲಿನ ರಿಯಾಯಿತಿ, ಅಲ್ಲಿ ಅಡಗಿದೆ ಎಂದು ತಿಳಿಯಿರಿ. 990 ಯೂನಿಟ್ ಬಳಸಿದ ತಿಂಗಳು ಅದು ಸಿಗುವುದಿಲ್ಲ.

ಅಪ್ಪ ಅಮ್ಮ ಬಂದಿರುವ ಚಳಿಗಾಲದಲ್ಲಿ ಒಂದು ಮಾತನ್ನು ಕೂರಿಸಿಕೊಂಡು ಹೇಳಿ. ಮಲೆನಾಡಿನ ಮನೆಯಲ್ಲಿ ಅಗ್ಗಿಷ್ಟಿಕೆಗೆ ಕೆಂಡ ಹಾಕಿ ಸುತ್ತ ಕೂತವರು ಅವರು. ಅಲ್ಲಿ ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಇಲ್ಲಿನ ಮನೆಯಲ್ಲಿ ಸಂದಿ ಇಲ್ಲ. ಒಳಗೆ ಇದ್ದಿಲು ಉರಿಸುವುದು, ಗ್ಯಾರೇಜ್‌ನಲ್ಲಿ ಕಾರು ಚಾಲೂ ಇಟ್ಟು ಬೆಚ್ಚಗಾಗುವುದು, ಎರಡೂ ಕೊಲ್ಲುತ್ತವೆ. 2021ರಲ್ಲಿ ಹೀಗೇ ಜೀವಗಳು ಹೋದವು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಬ್ಯಾಟರಿ ಅಲಾರ್ಮ್ ಇಂದೇ ತನ್ನಿ. ಮನೆಯಲ್ಲಿ ಆಕ್ಸಿಜನ್ ಯಂತ್ರ ಬಳಸುವವರಿದ್ದರೆ ಡಾಕ್ಟರ ಸಹಿಯೊಂದಿಗೆ ಕ್ರಿಟಿಕಲ್ ಕೇರ್ ನೋಂದಣಿ ಮಾಡಿಸಿ. ಆದರೂ ಕರೆಂಟ್ ಹೋಗುವುದಿಲ್ಲ ಎಂಬ ಖಾತ್ರಿ ಅದರಲ್ಲಿಲ್ಲ, ಬೇರೆ ಏರ್ಪಾಡು ಇರಲೇಬೇಕು.

ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಎಂದು ಮನೆಯವರೆಲ್ಲರಿಗೂ ಗೊತ್ತಿರಲಿ. ಸಾಮಾನ್ಯವಾಗಿ ಫುಟ್‌ಪಾತ್ ಬಳಿ ಹುಲ್ಲಿನಲ್ಲಿ ಹೂತ ಪೆಟ್ಟಿಗೆ, ಮುಚ್ಚಳ ಎತ್ತಿದರೆ ಮೀಟರು, ಪಕ್ಕದಲ್ಲಿ ತಿರುವುವ ಕಿವಿ. ಅದನ್ನು ತಿರುಗಿಸಲು ಉದ್ದ ಹಿಡಿಯ ಕೀ ಬೇಕು. ಹಗಲಲ್ಲಿ ಒಮ್ಮೆ ತಿರುಗಿಸಿ ನೋಡಿ. ಗ್ರಿಡ್‌ಗೆ ಕಷ್ಟದ ಹೊತ್ತು ಸೂರ್ಯ ಹುಟ್ಟುವ ಮುಂಚಿನದು, ಎಲ್ಲರ ಹೀಟರೂ ಓಡುತ್ತಿರುತ್ತದೆ, ಸೋಲಾರ್ ಇರುವುದಿಲ್ಲ. ಆಗ ಡ್ರೈಯರ್, ಕಾರಿನ ಚಾರ್ಜಿಂಗ್ ಬೇಡ.

ಈಗ ವಿದ್ಯುತ್ ಘಟಕಗಳು ಚಳಿಗೆ ಸಜ್ಜಾಗುವುದು ಕಾನೂನು. ತಪ್ಪಿದರೆ ದಿನಕ್ಕೆ 10 ಲಕ್ಷ ಡಾಲರ್‌ವರೆಗೆ ದಂಡ. 2022ರ ಡಿಸೆಂಬರ್, 2024ರ ಜನವರಿಯ ಚಳಿಗಳನ್ನು ಗ್ರಿಡ್ ತಡೆದುಕೊಂಡಿತು. ಈ ಸಿದ್ಧತೆಯ ಖರ್ಚು ಬಿಲ್ಲಿಗೆ ಬರುತ್ತದೆ, ಬರಲಿ. ಕೊಡಲು ನನಗೆ ಬೇಸರವಿಲ್ಲ. ಯಾರು ಎಷ್ಟು ಕೊಡಬೇಕು ಎಂದು ಕೇಳುವ ಹಕ್ಕು ಮಾತ್ರ ಬೇಕು. ನಮ್ಮಲ್ಲಿ ಅನೇಕರು ವೀಸಾದಲ್ಲೋ ಗ್ರೀನ್ ಕಾರ್ಡ್‌ನಲ್ಲೋ ಇರುವವರು, ಮತವಿಲ್ಲ, ಆದ್ದರಿಂದ ನಮ್ಮದಲ್ಲ ಎಂದು ಸುಮ್ಮನಿರುತ್ತೇವೆ. ಊರಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬೀದಿಯವರೆಲ್ಲ ಸೇರಿ ಬೆಸ್ಕಾಂ ಕಚೇರಿಗೆ ಹೋಗುತ್ತಿದ್ದೆವು. ಆ ಅಭ್ಯಾಸ ಇಲ್ಲಿ ಬಿಟ್ಟುಹೋಯಿತು. ನಮ್ಮ ಮಕ್ಕಳಿಗೆ ಇದೇ ಊರು. ಶಾಸನಸಭೆ ಬೆಸ ಸಂಖ್ಯೆಯ ವರ್ಷಗಳ ಜನವರಿಯಲ್ಲಿ ಆಸ್ಟಿನ್‌ನಲ್ಲಿ ಸೇರುತ್ತದೆ, ಸಮಿತಿಗಳ ಮುಂದೆ ಮಾತಾಡಲು ಮತದಾರರೇ ಆಗಿರಬೇಕಿಲ್ಲ. ಮುಂದಿನ ಸಲ ನಾಲ್ಕು ಮನೆಯವರು ಒಟ್ಟಿಗೆ ಹೋಗೋಣ, ಬಿಲ್ಲುಗಳನ್ನು ಕೈಯಲ್ಲಿ ಹಿಡಿದುಕೊಂಡು.